ಎರಡೂ ಟೈಪ್ ಸಿಕ್ತು ಅಂತ ಕುಣೀಬೇಡ ಪುಟ್ಟಿ

ಪುಟ್ಟಿ, ನಿನ್ ಮೆಸೇಜ್ ಓದ್ದೆ. ಭತ್ತದ ಬೆಂಕಿರೋಗದ ಫಂಗಸ್‌ದು ಎರಡೂ ಮೇಟಿಂಗ್ ಟೈಪ್ (ಕೂಡೋಕೆ ಬೇಕಾದ ಎರಡು ಬಗೆ) ಒಂದೇ ಗದ್ದೇಲಿ ಸಿಕ್ಬಿಟ್ಟಿದೆ, ಇಲ್ಲಿ ರೀಕಾಂಬಿನೇಷನ್, ಅಂದ್ರೆ ಕೂಡಿ ಜೀನ್ ಕಲೆಯೋದು, ಆಗ್ತಿದೆ ಅಂತ ಥೀಸಿಸ್‌ನಲ್ಲಿ ಬರೀಲಾ ಮಾಮ ಅಂತ ಕೇಳಿದೀಯ. ಈಗ್ಲೇ ಬೇಡ ಕಣೇ. ಎರಡು ಕಡೆಯೋರೂ ಒಂದೇ ಊರಲ್ಲಿದ್ದ ಮಾತ್ರಕ್ಕೆ ಮದ್ವೆ ಆಗೋಯ್ತು ಅಂತನಾ? ಭತ್ತದಿಂದ ಬೇರ್ಪಡಿಸಿ ಬೆಳೆಸಿದ ಫಂಗಸ್ ಮಾದರಿಗಳಲ್ಲಿ, ಅಂದ್ರೆ ಐಸೋಲೇಟ್‌ಗಳಲ್ಲಿ, ಬಹುಪಾಲು ಹೆಣ್ಣಿನ ಪಾತ್ರ ವಹಿಸೋ ಶಕ್ತಿನೇ ಕಳ್ಕೊಂಡಿರ್ತವೆ, ಅಂಥ ಎರಡನ್ನ ಪ್ಲೇಟಲ್ಲಿ ಎದುರುಬದುರು ಬೆಳೆಸಿದ್ರೂ ಪೆರಿಥೀಸಿಯಂ (ಕೂಡಿದ್ಮೇಲೆ ಸ್ಪೋರ್ ಆಗೋ ಪುಟ್ಟ ಗೂಡು) ಕಟ್ಟಲ್ಲ. ಮೊದ್ಲು ಅದನ್ನ ನೋಡು.

ಆಮೇಲೆ ಮಾರ್ಕರ್, ಅಂದ್ರೆ ಡಿಎನ್‌ಎ ಗುರುತುಗಳ ಲೆಕ್ಕ. ಇಸ್ಪೀಟು ಚೆನ್ನಾಗಿ ಕಲೆಸಿದ್ರೆ ರಾಜನ ಪಕ್ಕ ಯಾವಾಗ್ಲೂ ರಾಣಿನೇ ಬರಲ್ಲ, ಹಂಗೇ ಜೀನ್ ಕಲೆತಿದ್ರೆ ಒಂದು ಜಾಗದ ಅಲೀಲ್ (ಜೀನ್‌ನ ರೂಪ) ನೋಡಿ ಇನ್ನೊಂದು ಜಾಗದ್ದನ್ನ ಊಹಿಸೋಕಾಗಲ್ಲ. ನಾನು ಮುಗ್ಗರಿಸಿದ್ದು ಇಲ್ಲೇ. ಒಂದೇ ಬದುವಿನ ಪಕ್ಕ ಬಗ್ಗಿ 40 ಎಲೆ ಕಿತ್ತೆ, ಎಲ್ಲದ್ರಲ್ಲೂ ಅದೇ ಕದಿರಿನಾಕಾರದ ಮಚ್ಚೆ, ನಡುವೆ ಬೂದಿ ಬಣ್ಣ ಅಂಚಲ್ಲಿ ಕಂದು, ಅಲೀಲ್‌ಗಳು ಜೋಡಿಜೋಡಿಯಾಗೇ ಬಂದ್ವು, ಪೂರ್ತಿ ಕ್ಲೋನಲ್, ಅಂದ್ರೆ ಕೂಡದೇ ಬರೀ ನಕಲಾಗಿ ಬೆಳೆದಿದ್ದು, ಅಂತ ಗಟ್ಟಿಯಾಗಿ ಬರ್ದೆ. ಒಂದು ಮಚ್ಚೆ ಒಂದೇ ರಾತ್ರೀಲಿ ಸಾವಿರಗಟ್ಟಲೆ ಸ್ಪೋರ್ ಉದುರಿಸುತ್ತೆ ಅನ್ನೋದೇ ಮರ್ತಿದ್ದೆ! ನಕಲುಗಳನ್ನ ತೆಗೆದ್ರೆ ಉಳಿದಿದ್ದು 3 ಜೀನೋಟೈಪ್ (ಬೇರೆಬೇರೆ ಜೀನ್ ಜೋಡಣೆ), ಅಷ್ಟರಲ್ಲಿ ಕ್ಲೋನೂ ಹೇಳೋಕಾಗಲ್ಲ ಕೂಡಿಕೆನೂ ಹೇಳೋಕಾಗಲ್ಲ. ಹಾಗಂತ ದೂರದೂರದ ಗದ್ದೆಯವನ್ನೆಲ್ಲ ಒಂದೇ ರಾಶಿಗೆ ಸುರೀಬೇಡ, ಬೇರೆಬೇರೆ ಪಾಪ್ಯುಲೇಷನ್ ಬೆರೆಸಿದ್ರೂ ಅಲೀಲ್‌ಗಳು ಜೋಡಿ ಇದ್ದಂಗೆ ಕಾಣುತ್ತೆ.

2012ರಲ್ಲಿ ಇದೇ ಫಂಗಸ್‌ನ ಚೀನಾದ ಯುನ್ನಾನ್ ಪಾಪ್ಯುಲೇಷನ್ ಬಗ್ಗೆ ಬಂದ ಪೇಪರ್ ಓದು. ಎರಡೂ ಟೈಪು, ಹೆಣ್ಣಿನ ಪಾತ್ರ ವಹಿಸೋ ಐಸೋಲೇಟು, ಕಲೆತ ಮಾರ್ಕರು, ಇಷ್ಟೂ ಒಟ್ಟಿಗೆ ಇಟ್ಟ ಮೇಲೇನೇ ಅವ್ರು ಅಲ್ಲಿ ಕೂಡಿಕೆ ಆಗುತ್ತೆ ಅಂತ ಬಾಯ್ಬಿಟ್ಟಿದ್ದು.

ಇನ್ನೊಂದು, ಕಲೆತಿದೆ ಅಂದ್ರೆ ಸೆಕ್ಸೇ ಆಗಿರ್ಬೇಕು ಅಂತಿಲ್ಲ. ಗೋಧಿ ಕಾಂಡದ ತುಕ್ಕುರೋಗದ ಫಂಗಸ್‌ನ ಯುಜಿ99 ಅನ್ನೋ ತಳಿ, 1998ರಲ್ಲಿ ಉಗಾಂಡದಲ್ಲಿ ಸಿಕ್ಕಿದ್ದು, ಅದರ ಎರಡು ನ್ಯೂಕ್ಲಿಯಸ್‌ನಲ್ಲಿ ಒಂದು ಹಳೇ ಆಫ್ರಿಕಾ ತಳಿಯಿಂದ ಇದ್ದಂಗೇ ಬಂದಿರೋದು, ಲೈಂಗಿಕ ಹಂತನೇ ಇಲ್ದೆ, ಹೈಫೆ (ಫಂಗಸ್‌ನ ಎಳೆಗಳು) ಬೆಸೆದು ನ್ಯೂಕ್ಲಿಯಸ್ ಅದಲುಬದಲು ಆಗಿ. ಇದು ಗೊತ್ತಾಗಿದ್ದೇ 2019ರಲ್ಲಿ.

ಯಾವ ಗಿಡದ ಯಾವ ಎಲೆಯಿಂದ ಯಾವ ಐಸೋಲೇಟ್ ಅಂತ ಬರ್ದಿರೋ ನೋಟ್‌ಬುಕ್ ಪುಟದ ಫೋಟೋ ಕಳ್ಸು. ಬರೆದಿಟ್ಟಿಲ್ಲ ಅಂದ್ರೆ ಬೈತೀನಿ, ಈಗ್ಲೇ ಹೇಳ್ಬಿಡು.

ನಿನ್ ಮಾಮ