ಆ ಕಲ್ಲು ತಣ್ಣಗಿದೆ ಅಂತ ನೀನು ಹೇಳಿದ್ದೆ

ತಾಯಿ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಟ್ಯಾಂಕು ಬೆಳಗಾಗುವಷ್ಟರಲ್ಲಿ ಅರ್ಧ ಇಳಿದಿರುತ್ತದೆ, ನೀರು ಜಾಸ್ತಿ ಚೆಲ್ತೀರಿ ಅಂತ ಕೆಳಗಿನ ಮನೆಯವರು ದಿನಾ ಜಗಳಕ್ಕೆ ಬರ್ತಾರೆ ಅಂತ ನೀನು ಅಳುತ್ತಾ ಹೇಳಿದೆ. ನನ್ನ ಬಾಯಿಂದ ಬಂದ ಮೊದಲ ಮಾತು, "ನೀನು ನಲ್ಲಿ ಸರಿಯಾಗಿ ಬಂದ್ ಮಾಡ್ತೀಯೋ ಇಲ್ವೋ?" ಹದಿನಾಲ್ಕು ವರ್ಷ ಆದ ಮೇಲೆ ಮತ್ತೆ ಅದೇ ಮಾತು. ನೀನು ಫೋನ್ ಇಟ್ಟಿದ್ದು ಸರಿ.

ಆ ಬೇಸಿಗೆಯಲ್ಲಿ ನಾನು ನಿನಗೆ ಏನೇನು ಅಂದೆ ಅಂತ ಇಲ್ಲಿ ಬರೆಯಲ್ಲ, ಇಬ್ಬರಿಗೂ ಗೊತ್ತಿದೆ. ನನ್ನನ್ನು ಕಾಡುವುದು ಆ ಕಲ್ಲು. ಬಚ್ಚಲ ಗೋಡೆಯ ಈಚೆ, ನಡುಮನೆಯಲ್ಲಿ, ಮೂಲೆಯಿಂದ ಎರಡನೇ ಶಹಾಬಾದ್ ಕಲ್ಲು. ಕಲಬುರಗಿಯ ಏಪ್ರಿಲ್ ಬಿಸಿಲು, ಹಗ್ಗದ ಮೇಲೆ ಹಾಕಿದ ಟವೆಲ್ಲು ತಿರುಗಿ ನೋಡುವಷ್ಟರಲ್ಲಿ ಒಣಗುತ್ತಿತ್ತು, ಆದರೆ ನಮ್ಮ ಬೆಕ್ಕು ಮಾತ್ರ ದಿನವಿಡೀ ಅದೊಂದೇ ಕಲ್ಲಿನ ಮೇಲೆ ಕಾಲು ಚಾಚಿ ಮಲಗುತ್ತಿತ್ತು. ನೀನು ಅದರ ಪಕ್ಕ ಕೂತು ಅಂಗೈ ಇಟ್ಟು, "ಅಪ್ಪಾ, ಇದೊಂದೇ ಕಲ್ಲು ತಣ್ಣಗಿದೆ, ಮುಟ್ಟಿ ನೋಡು" ಅಂದೆ. ನಾನು ಪೇಪರ್ ಓದುತ್ತಿದ್ದೆ. ಮುಟ್ಟಲಿಲ್ಲ. ಕಲ್ಲಿನ ಸಂದಿಯಲ್ಲಿ ಕಪ್ಪು ಗೆರೆ ಮೂಡಿತ್ತು. ಗೋಡೆ ಬುಡದ ಸುಣ್ಣ ಉಬ್ಬಿ ಬಿಳೀ ಉಪ್ಪಿನ ಪುಡಿ ಉದುರುತ್ತಿತ್ತು, ನಿಮ್ಮವ್ವ ದಿನಾ ಗುಡಿಸುತ್ತಿದ್ದಳು. ಎಲ್ಲಾ ಕಣ್ಣೆದುರೇ ಇತ್ತು. ಎದ್ದು ಹತ್ತು ಹೆಜ್ಜೆ ಬಂದು ಕೈ ಇಟ್ಟಿದ್ದರೆ ಸಾಕಿತ್ತು, ಆಮೇಲಿನ ಎರಡು ತಿಂಗಳು ನಿನ್ನನ್ನು ಬೈಯುತ್ತಲೇ ಇರಲಿಲ್ಲ.

ಕೊನೆಗೆ ಪ್ಲಂಬರ್ ಟೈಲ್ಸ್ ಒಡೆದ. ಕಬ್ಬಿಣದ ಪೈಪ್ ತಿರುಗುವ ಕಡೆಯ ಎಲ್ಬೋ ತುಕ್ಕು ತಿಂದು ಸೂಜಿ ಮೊನೆಯಷ್ಟು ತೂತು. ಸೆಕೆಂಡಿಗೆ ಒಂದೇ ಹನಿ ಅಂದರೂ ದಿನಕ್ಕೆ 86,400 ಹನಿ, ಇದು ಹನಿಯೂ ಅಲ್ಲ, ದಾರದ ಹಾಗೆ ಚಿಮ್ಮುತ್ತಿತ್ತು. ನೀನು ಬಾಗಿಲಲ್ಲಿ ನಿಂತು ಆ ತೂತು ನೋಡಿದೆ, ನನ್ನ ಮುಖ ನೋಡಿದೆ, ಒಳಗೆ ಹೋದೆ. ನಾನು ಪ್ಲಂಬರ್ ಲೆಕ್ಕ ಚುಕ್ತಾ ಮಾಡಿ ಊಟಕ್ಕೆ ಕೂತೆ. ತಪ್ಪಾಯ್ತು ಅನ್ನಲಿಲ್ಲ. ಈಗ ಅಂತೀನಿ. ತಪ್ಪಾಯ್ತು ತಾಯಿ.

ಈಗ ನಿನ್ನ ಮನೆ ವಿಷಯ. ಮೀಟರ್ ನೋಡಿದರೆ ಪ್ರಯೋಜನ ಇಲ್ಲ, ಅದು ನೆಲದಡಿಯ ಸಂಪ್‌ಗೆ ಬರುವ ನೀರನ್ನಷ್ಟೇ ಅಳೆಯುತ್ತದೆ, ಟ್ಯಾಂಕಿನಿಂದ ಇಳಿದದ್ದು ಅದಕ್ಕೆ ಗೊತ್ತಾಗಲ್ಲ. ರಾತ್ರಿ ಮಲಗುವ ಮುಂಚೆ ಟ್ಯಾಂಕಿನಲ್ಲಿ ಕೋಲು ಇಳಿಸಿ ನೀರಿನ ಗುರುತು ಹಾಕು, ಬೆಳಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ಅಳೆ. ಮಾರನೇ ರಾತ್ರಿ ಟ್ಯಾಂಕಿನಿಂದ ಕೆಳಗಿಳಿಯುವ ವಾಲ್ವ್ ಬಂದ್ ಮಾಡಿ ಮಲಗು. ಆಗ ನೀರು ಇಳಿಯದಿದ್ದರೆ ಸೋರಿಕೆ ವಾಲ್ವ್‌ನಿಂದ ಕೆಳಗಿದೆ, ಪೈಪಿನಲ್ಲೋ ಫ್ಲಶ್‌ನಲ್ಲೋ. ಫ್ಲಶ್ ಟ್ಯಾಂಕಿಗೆ ಜಿಲೇಬಿ ಬಣ್ಣ ಒಂಚೂರು ಹಾಕಿ ಅರ್ಧ ಗಂಟೆ ಬಿಡು, ಬಟನ್ ಒತ್ತಬೇಡ. ಕಮೋಡಿನೊಳಗೆ ಬಣ್ಣ ಇಳಿದಿದ್ದರೆ ಒಳಗಿನ ರಬ್ಬರ್ ಹೋಗಿದೆ, ಗೋಡೆ ಒಡೆಸುವ ಮಾತೇ ಇಲ್ಲ. ಕೆಳಗಿನವರ ಸೀಲಿಂಗ್ ನೀನು ಸ್ನಾನ ಮಾಡಿದ ಮೇಲಷ್ಟೇ ಒದ್ದೆ ಆಗುತ್ತದೋ, ಯಾವಾಗಲೂ ಒದ್ದೆಯೋ, ಅದನ್ನೂ ಅವರನ್ನು ಕೇಳು. ಸ್ನಾನದ ನಂತರ ಮಾತ್ರ ಅಂದರೆ ನೀರು ಹೋಗುವ ಕಡೆ ದೋಷ, ಟೈಲ್ಸ್ ಸಂದಿ ಇಲ್ಲವೇ ಬಚ್ಚಲ ನೀರು ಹೋಗುವ ಜಾಲಿ ಕೆಳಗೆ. ಟೈಲ್ಸ್ ಮೇಲೆ ಚಮಚದಿಂದ ತಟ್ಟುತ್ತಾ ಹೋಗು, ಪೊಳ್ಳು ಸದ್ದು ಬಂದ ಕಡೆ ಚಾಕ್‌ಪೀಸ್ ಗುರುತು ಮಾಡು.

ಇನ್ನೊಂದು, ಇದನ್ನು ಮಾತ್ರ ತಪ್ಪದೇ ಕೇಳು. ಗೀಸರ್ ಪ್ಲಗ್ ಇರುವ ಗೋಡೆ ಒದ್ದೆ ಇದ್ದರೆ ಗೀಸರ್ ಮುಟ್ಟಬೇಡ, ಮೇನ್ ಆಫ್ ಮಾಡು, ನೀರು ಒಲೆ ಮೇಲೆ ಕಾಯಿಸಿಕೋ. ಒದ್ದೆ ಗೋಡೆಯಲ್ಲಿ ಕರೆಂಟ್ ಹರಿಯುತ್ತದೆ. ನಿನ್ನೆಯಿಂದ ನನ್ನ ತಲೆಯಲ್ಲಿ ಇದೇ ಓಡುತ್ತಿದೆ, ನಾಳೆ ಬೆಳಗ್ಗೆಯೇ ನೋಡಿ ನನಗೆ ಹೇಳು.

ಹೇಳಿ ಹೇಳಿ ಜಾಸ್ತಿ ಆಯ್ತು ಅಂತ ಗೊತ್ತು. ಗೊತ್ತಿಲ್ಲದ ಊರಿನಲ್ಲಿ ನಿನ್ನ ಸಂಬಳದಲ್ಲಿ ಮನೆ ಹಿಡಿದು, ಜಗಳಕ್ಕೆ ಬಂದವರನ್ನು ಒಳಗೆ ಕರೆದು ಕೂರಿಸಿ ಚಹಾ ಕೊಟ್ಟೆಯಂತೆ, ನಿಮ್ಮವ್ವ ಹೇಳಿದಳು. ನನಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ.

ಭಾನುವಾರ ಬರ್ತೀನಿ. ನಿಮ್ಮವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಡ್ತಾಳೆ. ರೈಲು ವಾಡಿ ದಾಟಿದ ಮೇಲೆ ಫೋನ್ ಮಾಡ್ತೀನಿ, ಯಾದಗಿರಿ ಸ್ಟೇಷನ್ನಿಗೆ ಬರುವುದೇನೂ ಬೇಡ. ಅಷ್ಟರಲ್ಲಿ ಮಧ್ಯಾಹ್ನದ ಹೊತ್ತು ಬರಿಗಾಲಲ್ಲಿ ಮನೆ ತುಂಬಾ ಒಮ್ಮೆ ನಡೆದು ನೋಡು. ಎಲ್ಲಿ ತಣ್ಣಗಿದೆ ಅಂತ ನೀನು ಹೇಳು, ಅಲ್ಲಿಂದಲೇ ಹುಡುಕೋಣ.

ನಿನ್ನ ಅಪ್ಪ