ಕ್ಷೇತ್ರದ ಗಡಿ ಬದಲಾಯಿಸಿದವರು ಮತದಾರರಿಗೆ ಹೇಳಬೇಡವೇ?

ಮಾನ್ಯರೆ,

ಮೊನ್ನೆ ಶನಿವಾರ (ಮೇ 10, 2008) ವಿಧಾನಸಭಾ ಚುನಾವಣೆಯ ಮೊದಲ ಹಂತದ ಮತದಾನದಲ್ಲಿ ಪಟ್ಟಿಯಲ್ಲಿ ಹೆಸರಿಲ್ಲದೆ ಹಿಂದಿರುಗಿದ ಬೆಂಗಳೂರಿನ ಮತದಾರರ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ವರದಿಯನ್ನು ಓದಿದೆ. ಅದೊಂದು ಸಣ್ಣ ಗೊಂದಲವೆಂಬಂತೆ ಬರೆದಿರುವುದು ನನಗೆ ನೋವುಂಟುಮಾಡಿತು. ಹಾಗೆ ಹಿಂದಿರುಗಿದವರಲ್ಲಿ ನನ್ನ 76 ವರ್ಷದ ತಾಯಿಯೂ ಒಬ್ಬರು. 1957ರಿಂದ ಈಚೆಗೆ ಅವರು ಒಂದು ಚುನಾವಣೆಯಲ್ಲೂ ಮತ ಹಾಕುವುದನ್ನು ತಪ್ಪಿಸಿದವರಲ್ಲ.

ನಾವು ಹಳೆಯ ಉತ್ತರಹಳ್ಳಿ ಕ್ಷೇತ್ರದವರು. ಕ್ಷೇತ್ರಗಳ ಗಡಿಗಳನ್ನು ಹೊಸದಾಗಿ ಗುರುತಿಸಿದ ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲವಾಯಿತು. ನಮ್ಮ ರಸ್ತೆಯ ಒಂದು ಬದಿ ಒಂದು ಕ್ಷೇತ್ರಕ್ಕೂ ಎದುರು ಬದಿ ಇನ್ನೊಂದಕ್ಕೂ ಸೇರಿದೆ ಎಂಬುದು ನಮಗೆ ತಿಳಿದದ್ದು ಮತದಾನದ ದಿನ, ಅದೂ ಸರತಿಯಲ್ಲಿ ಮುಕ್ಕಾಲು ಗಂಟೆ ನಿಂತ ಮೇಲೆ. ಪ್ರತಿಸಲ ಮತ ಹಾಕುತ್ತಿದ್ದ ಶಾಲೆಯಲ್ಲಿ ‘ನಿಮ್ಮ ಭಾಗ ಇಲ್ಲಿ ಬರುವುದಿಲ್ಲ’ ಎಂದರು. ಅವರು ತೋರಿಸಿದ ಎರಡನೆಯ ಶಾಲೆಯಲ್ಲಿ ನಮ್ಮ ಮನೆ ಸಂಖ್ಯೆಯ ಮುಂದೆ ಯಾರದೋ ಹೆಸರುಗಳಿದ್ದವು. ಮೂರನೆಯದು ವರ್ತುಲ ರಸ್ತೆಯ ಆಚೆ ಇತ್ತು. ಆಟೊ ಸಿಗದೆ ಸುಡುಬಿಸಿಲಿನಲ್ಲಿ ತಾಯಿಯನ್ನು ಕೈಹಿಡಿದು ನಡೆಸಿಕೊಂಡು ಹೋದೆ. ಅಲ್ಲಿ ನನ್ನ ಹೆಸರು ಸಿಕ್ಕಿತು, ಅವರದು ಸಿಗಲಿಲ್ಲ. ಗುರುತಿನ ಚೀಟಿಯನ್ನು ತಿರುಗಿಸಿ, ಹಿಂಬದಿಯಲ್ಲಿ ‘ಉತ್ತರಹಳ್ಳಿ’ ಎಂದಿರುವುದನ್ನು ಓದಿದ ಮತಗಟ್ಟೆ ಸಿಬ್ಬಂದಿ, ‘ಈ ಕ್ಷೇತ್ರ ಈಗ ಇಲ್ಲ ಅಮ್ಮ’ ಎಂದು ಅದನ್ನು ಮರಳಿಸಿದರು. ಅವರು ಸೌಜನ್ಯದಿಂದಲೇ ಹೇಳಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಅಮ್ಮ ಚೀಟಿಯನ್ನು ಸೆರಗಿನ ತುದಿಯಲ್ಲಿ ಒರೆಸಿ ಮತ್ತೆ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡದ್ದನ್ನು ನಾನು ಮರೆಯಲಾರೆ.

ಪುನರ್ವಿಂಗಡಣೆಯನ್ನು ನಾನು ವಿರೋಧಿಸುತ್ತಿಲ್ಲ. 1971ರ ಜನಗಣತಿಯ ಲೆಕ್ಕದ ಮೇಲೆ 30 ವರ್ಷ ಚುನಾವಣೆ ನಡೆಸಿದ್ದೇ ಅನ್ಯಾಯವಾಗಿತ್ತು. 2001ರ ಜನಗಣತಿಯನ್ನು ಆಧರಿಸಿ ಬೆಂಗಳೂರಿನ ಸ್ಥಾನಗಳು 16ರಿಂದ 28ಕ್ಕೆ ಏರಿದ್ದೂ, ರಾಜ್ಯದಲ್ಲಿ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರಗಳು 2ರಿಂದ 15ಕ್ಕೆ ಹೆಚ್ಚಿದ್ದೂ ಆಗಲೇಬೇಕಿದ್ದ ಕೆಲಸ. ಆದರೆ ಫೆಬ್ರುವರಿಯಲ್ಲಿ ಆದೇಶ ಜಾರಿಗೆ ಬಂದು ಮೇ ತಿಂಗಳಲ್ಲಿ ಮತದಾನ ನಡೆಯುವಾಗ, ಹೊಸ ಗಡಿಗಳ ಮೇಲೆ ದೇಶದಲ್ಲೇ ಮೊದಲು ವಿಧಾನಸಭೆಗೆ ಮತ ಹಾಕುವ ಜನರಿಗೆ ಅವರ ಕ್ಷೇತ್ರ, ಮತದಾರರ ಪಟ್ಟಿಯ ಭಾಗ ಸಂಖ್ಯೆ, ಮತಗಟ್ಟೆ ಯಾವುದೆಂದು ಮನೆಮನೆಗೆ ತಿಳಿಸುವುದು ಯಾರ ಹೊಣೆಯಾಗಿತ್ತು? ಅಭ್ಯರ್ಥಿಗಳ ಕಡೆಯ ಹುಡುಗರು ರಸ್ತೆ ಬದಿಯ ಮೇಜಿನಲ್ಲಿ ಪಟ್ಟಿ ಹರಡಿಕೊಂಡು ಅರೆಕ್ಷಣದಲ್ಲಿ ನನ್ನ ಕ್ರಮಸಂಖ್ಯೆ ಹುಡುಕಿಕೊಟ್ಟರು. ಅವರಿಗೆ ಆದದ್ದು ಸಂಬಳ ಪಡೆಯುವ ಅಧಿಕಾರಿಗಳಿಗೆ ಏಕೆ ಆಗಲಿಲ್ಲ?

ಪಟ್ಟಿ ಪರಿಷ್ಕರಣೆಯ ಹೆಸರಿನಲ್ಲಿ ನಮ್ಮ ಬೀದಿಗೆ ಬಂದವರು ಬೀಗ ಹಾಕಿದ ಮನೆಗಳನ್ನು ಕಂಡು, ಪಕ್ಕದವರನ್ನೂ ವಿಚಾರಿಸದೆ ಹೋದರು. ಹೆಸರು ಸೇರಿಸಲು ಕಳೆದ ವರ್ಷ ಕೊಟ್ಟ ಅರ್ಜಿಗೆ ಇಂದಿಗೂ ಉತ್ತರವಿಲ್ಲ. ಬದುಕಿರುವವರ ಹೆಸರು ಕೈಬಿಡುವ, ಊರು ಬಿಟ್ಟುಹೋದವರ ಹೆಸರನ್ನು ಹಾಗೆಯೇ ಉಳಿಸಿಕೊಳ್ಳುವ ಈ ಬೇಜವಾಬ್ದಾರಿ ಇಂದು ನಿನ್ನೆಯದಲ್ಲ.

ಇದೇ 25ರಂದು ಮತ ಎಣಿಕೆ ನಡೆಯುತ್ತದೆ, ಯಾರೋ ಗೆಲ್ಲುತ್ತಾರೆ. ಅದರಲ್ಲಿ ನನ್ನ ತಾಯಿಯ ಮತ ಇರುವುದಿಲ್ಲ. ಉಳಿದ ಎರಡು ಹಂತಗಳಲ್ಲಾದರೂ ಜನರನ್ನು ಹೀಗೆ ಅಲೆಸಬಾರದು. ಮುಂದಿನ ವರ್ಷದ ಲೋಕಸಭಾ ಚುನಾವಣೆಗೆ ಮೊದಲು ಪಟ್ಟಿಯನ್ನು ಸರಿಪಡಿಸಬೇಕು, ಎಲ್ಲರಿಗೂ ಹೊಸ ಗುರುತಿನ ಚೀಟಿ ಕೊಡಬೇಕು, ತಪ್ಪು ಮಾಡಿದವರ ಮೇಲೆ ಕ್ರಮ ಕೈಗೊಳ್ಳಬೇಕು. ಇದಾವುದೂ ಆಗದಿದ್ದರೆ, ಸಂಬಂಧಪಟ್ಟ ಅಧಿಕಾರಿಗಳು ನಮ್ಮ ಮನೆಗೆ ಬಂದು, ಆಕೆಯ ಹೆಸರನ್ನು ತೆಗೆದದ್ದು ಏಕೆಂದು ಆಕೆಗೇ ಹೇಳಲಿ.

– ನೊಂದ ಮತದಾರ, ಬೆಂಗಳೂರು