ಜೂನ್ 1ರಿಂದ ಬೆಲೆ, ಗಾಡಿ, ದಿನ ಮೂರೂ ಬದಲು: ನಮ್ಮ ನೀರಿನ ಗ್ರಾಹಕರಿಗೆ ಪತ್ರ

ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇನೆ. ಜೂನ್ 1ರಿಂದ 20 ಲೀಟರ್ ಕ್ಯಾನ್‌ಗೆ 40ರ ಬದಲು 45 ರೂಪಾಯಿ. ಡೀಸೆಲ್ ಗಾಡಿ ಮಾರಿದ್ದೇವೆ. ಇನ್ನು ನೀರು ಬರುವುದು ಎರಡು ಎಲೆಕ್ಟ್ರಿಕ್ ಆಟೋಗಳಲ್ಲಿ. ಫೋನ್ ಮಾಡಿದ ಅರ್ಧ ಗಂಟೆಗೆ ಕ್ಯಾನ್ ತಂದಿಡುವುದು ಇನ್ನು ಆಗುವುದಿಲ್ಲ. ಹೂಡಿ ರೈಲ್ವೆ ಹಳಿಯ ಈ ಕಡೆಯವರಿಗೆ ಸೋಮವಾರ, ಬುಧವಾರ, ಶುಕ್ರವಾರ. ಆ ಕಡೆಯವರಿಗೆ ಮಂಗಳವಾರ, ಗುರುವಾರ, ಶನಿವಾರ.

ಕಳೆದ ತಿಂಗಳು ಕ್ಯಾನ್ ತಡವಾಗಿ ಬಂದದ್ದಕ್ಕೆ ಕ್ಷಮಿಸಿ. ಒಂದು ಮಧ್ಯಾಹ್ನ ಸೀತಾರಾಮಪಾಳ್ಯದ ಹತ್ತಿರ ಹೊಸ ಆಟೋ ನಿಂತೇಬಿಟ್ಟಿತು, ಒಳಗೆ 19 ತುಂಬಿದ ಕ್ಯಾನ್. ಗಾಡಿ ಕೆಟ್ಟಿರಲಿಲ್ಲ. ಹಿಂದಿನ ರಾತ್ರಿ ಪ್ಲಗ್ ಸಿಕ್ಕಿಸಿದ್ದೆವು, ಸ್ವಿಚ್ ಹಾಕಿರಲಿಲ್ಲ. ಯಾರು ಅಂತ ಕೇಳಬೇಡಿ, ನಾನೇ.

ಈಗ ನೀವೆಲ್ಲ ಕೇಳುತ್ತಿರುವ ಪ್ರಶ್ನೆ. “ಕರೆಂಟ್ ಗಾಡಿಗೆ ಖರ್ಚೇ ಇಲ್ವಂತೆ, ಮತ್ತೆ ಐದು ರೂಪಾಯಿ ಜಾಸ್ತಿ ಯಾಕೆ?” ಏನಿಲ್ಲವೆಂದರೂ ನಲವತ್ತು ಜನ ಕೇಳಿದ್ದಾರೆ. ಕೆಲವರು ನಗುತ್ತ, ಕೆಲವರು ನಾನು ಏನೋ ಕದ್ದವನ ಹಾಗೆ ನೋಡುತ್ತ.

ಚಾರ್ಜಿಂಗ್ ಅಗ್ಗ, ನಿಜ. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಎರಡು ರೂಪಾಯಿ ಏರಿ 91 ದಾಟಿದಾಗ ನಮಗೂ ಸಾಕಾಗಿತ್ತು. ಆದರೆ ನೀರಿಗೆ ತೂಕ ಇದೆಯಲ್ಲ ಸ್ವಾಮಿ. 20 ಲೀಟರ್ ಅಂದರೆ 20 ಕೆಜಿ, ಕ್ಯಾನ್‌ನದ್ದು ಇನ್ನೊಂದು ಮುಕ್ಕಾಲು ಕೆಜಿ. ಆಟೋದಲ್ಲಿ 25 ಕ್ಯಾನ್ ಇಟ್ಟರೆ ಆಗಲೇ ಅರ್ಧ ಟನ್ ಮೇಲಾಯಿತು. ಅದಕ್ಕಿಂತ ಜಾಸ್ತಿ ಹಾಕಿದರೆ ಬ್ಯಾಟರಿ ಬೇಗ ಇಳಿಯುತ್ತದೆ, ಏರಿನಲ್ಲಿ ಏದುಸಿರು ಬಿಡುತ್ತದೆ. ಹಳೇ ಗಾಡಿಗೆ ಆರ್‌ಸಿ ಪ್ರಕಾರ ಮುಕ್ಕಾಲು ಟನ್, ಅಂದರೆ 36 ಕ್ಯಾನ್. ನಾವು ತುಂಬುತ್ತಿದ್ದದ್ದು 50. ಅದು ತಪ್ಪು, ಒಪ್ಪಿಕೊಳ್ಳುತ್ತೇನೆ. ನಿಮಗೆ 40 ರೂಪಾಯಿಗೆ ನೀರು ಸಿಗುತ್ತಿದ್ದದ್ದರಲ್ಲಿ ಆ ತಪ್ಪಿನ ಪಾಲೂ ಇತ್ತು. ದಿನಕ್ಕೆ 200 ಕ್ಯಾನ್ ಅಂದರೆ ಮುಂಚೆ ನಾಲ್ಕು ಟ್ರಿಪ್, ಈಗ ಎಂಟು. ಡೀಸೆಲ್‌ನಲ್ಲಿ ಉಳಿದದ್ದು ಹುಡುಗರ ಸಂಬಳಕ್ಕೂ ಎರಡು ಗಾಡಿಗಳ ಕಂತಿಗೂ ಹೋಯಿತು. ಮೂರನೇ ಮಹಡಿಗೆ ಹೆಗಲ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಹತ್ತುವ ಹುಡುಗನಿಗೆ ಬ್ಯಾಟರಿ ಏನೂ ಸಹಾಯ ಮಾಡುವುದಿಲ್ಲ.

ನೀರಿನ ಖರ್ಚು ಬೇರೆ. ಬೋರ್ ನೀರು 100 ಲೀಟರ್ ಹಾಕಿದರೆ ನೀರು ಶುದ್ಧ ಮಾಡುವ ನಮ್ಮ ಆರ್‌ಒ ಮೆಷಿನ್‌ನಿಂದ ಕುಡಿಯುವ ನೀರು 60 ಲೀಟರ್ ಬರುತ್ತದೆ. ಬೋರ್‌ನಿಂದ ಮೇಲೆತ್ತುವುದಕ್ಕೂ ಕರೆಂಟ್, ಸೋಸುವ ಮೆಂಬ್ರೇನ್‌ನಲ್ಲಿ ಒತ್ತುವುದಕ್ಕೂ ಕರೆಂಟ್. ಅದರ ಮೇಲೆ 2025ರ ಏಪ್ರಿಲ್‌ನಲ್ಲಿ ಯೂನಿಟ್‌ಗೆ 36 ಪೈಸೆ ಸರ್‌ಚಾರ್ಜ್ ಬೇರೆ ಬಿತ್ತು. ಮಿಕ್ಕ 40 ಲೀಟರ್ ಈಗ ಚರಂಡಿಗೆ ಬಿಡುತ್ತಿಲ್ಲ. ಡ್ರಮ್‌ನಲ್ಲಿ ಹಿಡಿದಿಡುತ್ತೇವೆ. ನೆಲ ಒರೆಸಲು, ಟಾಯ್ಲೆಟ್‌ಗೆ ಬೇಕಿದ್ದವರು ಬಕೆಟ್ ತಂದು ಒಯ್ಯಬಹುದು, ದುಡ್ಡು ಬೇಡ.

2024ರ ಬೇಸಿಗೆಯ ಮಾತು ಎತ್ತಬಾರದು ಅಂದುಕೊಂಡಿದ್ದೆ, ಆದರೂ ಎತ್ತುತ್ತೇನೆ. ಆ ಮಾರ್ಚ್‌ನಲ್ಲಿ ಬೆಂಗಳೂರು ಜಿಲ್ಲಾಡಳಿತ ನೀರಿನ ಟ್ಯಾಂಕರ್‌ಗೆ ದರ ಕಟ್ಟಿತು. ಐದು ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ. ಆ ಸುದ್ದಿಯ ಫೋಟೋ ತೆಗೆದು ನೀವು ನನಗೆ ವಾಟ್ಸಾಪ್ ಮಾಡಿದಿರಿ, “ಈಗ ಅಗ್ಗ ಆಯ್ತಲ್ವಾ” ಅಂತ. ಆ ದರಕ್ಕೆ ನಮ್ಮ ಗೇಟಿಗೆ ಒಂದು ಟ್ಯಾಂಕರೂ ಬರಲಿಲ್ಲ. ನಮ್ಮ ಬೋರ್ ಬರೀ ಗಾಳಿ ಬಿಡುತ್ತಿತ್ತು. ಕೇಳಿದಷ್ಟು ಕೊಟ್ಟು ತರಿಸಿದೆವು. ಆಗ ಕ್ಯಾನ್ ಮೇಲೆ ಒಂದು ರೂಪಾಯಿ ಏರಿಸಲಿಲ್ಲ. ಇದನ್ನು ಒಬ್ಬರಾದರೂ ನೆನೆಯುತ್ತೀರಿ ಅಂದುಕೊಂಡಿದ್ದೇನೆ.

ಹಾಗಾದರೆ ಡೀಸೆಲ್ ಗಾಡಿಯನ್ನೇ ಇಟ್ಟುಕೊಳ್ಳಬಹುದಿತ್ತಲ್ಲ? ಅಂಗಡಿ ಪಕ್ಕದ ಗೋಡೆ ನೋಡಿದವರು ಹಾಗೆ ಕೇಳುವುದಿಲ್ಲ. ಗಾಡಿ ರಿವರ್ಸ್ ತೆಗೆಯುವ ಜಾಗದಲ್ಲಿ, ಸೈಲೆನ್ಸರ್ ಎತ್ತರಕ್ಕೆ ಸರಿಯಾಗಿ, ತಟ್ಟೆಯಗಲದ ಕಪ್ಪು ಮಚ್ಚೆ. ಎರಡು ಸಲ ಸುಣ್ಣ ಹೊಡೆಸಿದೆವು, ಎರಡು ಸಲವೂ ತಿರುಗಿ ಬಂತು. ಅದರ ಮೇಲಿನ ಕಿಟಕಿ ಒಬ್ಬ ಅಜ್ಜಿಯದು. ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಟಪ್ ಅಂತ ಕಿಟಕಿ ಮುಚ್ಚುತ್ತಿದ್ದರು. ಬೈದವರಲ್ಲ, ಸುಮ್ನೆ ಮುಚ್ಚುತ್ತಿದ್ದರು. ‘ಶುದ್ಧ ನೀರು’ ಅಂತ ಬೋರ್ಡ್ ಹಾಕಿಕೊಂಡವನಿಗೆ ಆ ಟಪ್ ಸಾಕಲ್ವಾ?

ಕರೆಂಟೂ ಕಲ್ಲಿದ್ದಲು ಸುಟ್ಟೇ ಬರುತ್ತೆ ಅಂತ ನಮ್ಮ ಗ್ರಾಹಕರಾದ ಮೇಷ್ಟ್ರೊಬ್ಬರು ವಾದಿಸಿದರು. ಹೌದು, ರಾಯಚೂರಿನಲ್ಲಿ ಸುಡುತ್ತಾರೆ. ನಿಮ್ಮ ಗೇಟಿನ ಮುಂದೆ ಸುಡುವುದಿಲ್ಲ, ಅಷ್ಟೇ. ರಾಯಚೂರಿನವರಿಗೆ ಇದು ಸಮಾಧಾನದ ಮಾತಲ್ಲ, ಗೊತ್ತು.

2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾದ ಮೇಲೆ ಕೆಲವರ ಮನೆಗೆ ಕಾವೇರಿ ಬಂದಿದೆ. ಬೆಂಗಳೂರಿಗೆ ಸೇರಿಸಿದ 110 ಹಳ್ಳಿಗಳಿಗೆ ಅಂತ ದಿನಕ್ಕೆ 77.5 ಕೋಟಿ ಲೀಟರ್‌ನ ಯೋಜನೆ ಅದು. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಹಾಕಿ ಎತ್ತಿ ತಂದ ನೀರು. ಅದನ್ನೇ ಕಾಯಿಸಿ ಆರಿಸಿ ಕುಡಿಯುತ್ತೇವೆ, ಕ್ಯಾನ್ ಬೇಡ ಅನ್ನುವವರು ನಿಶ್ಚಿಂತೆಯಿಂದ ಬಿಡಿ. ಖಾಲಿ ಕ್ಯಾನ್ ತಂದು ಕೊಟ್ಟರೆ ಡಿಪಾಸಿಟ್ ಅದೇ ದಿನ ವಾಪಸ್. ನಾನು ಮುಖ ಸಿಂಡರಿಸುವುದಿಲ್ಲ.

ಉಳಿದವರಿಗೆ ಒಂದು ಮಾತು. ಮನೆಯಲ್ಲಿ ಹಸುಗೂಸು, ಕಾಯಿಲೆಯವರು, ಒಂಟಿಯಾಗಿರುವ ವಯಸ್ಸಾದವರು ಇದ್ದರೆ ಹೇಳಿಬಿಡಿ. ನಿಮ್ಮ ಹೆಸರು ಬೇರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ನಿಮಗೆ ವಾರದ ಲೆಕ್ಕ ಇಲ್ಲ. ರಾತ್ರಿ ಒಂಬತ್ತಾದರೂ ಸ್ಕೂಟರ್‌ನಲ್ಲಿ ಕಾಲಿನ ಹತ್ತಿರ ಒಂದು ಕ್ಯಾನ್ ಇಟ್ಟುಕೊಂಡು ನಾನೇ ಬರುತ್ತೇನೆ.

ಖಾಲಿ ಕ್ಯಾನ್ ಹಿಂದಿನ ರಾತ್ರಿಯೇ ಬಾಗಿಲ ಹೊರಗಿಡಿ. ಬೆಳಿಗ್ಗೆ ಆರೂವರೆಗೆ ಮೊದಲ ಆಟೋ ಹೊರಡುತ್ತದೆ. ಈ ಗಾಡಿ ಬಂದದ್ದು ಕೇಳಿಸುವುದಿಲ್ಲ, ಹುಡುಗರಿಗೆ ಬೆಲ್ ಒತ್ತಲು ಹೇಳಿದ್ದೇನೆ.

ನಿಮ್ಮ ನೀರಿನ ಅಂಗಡಿಯವ